ಅಂಜುವ ಗ್ರೇಹೌಂಡಿಗೆ ಎಂತಹ ಪಟ್ಟಿ?

ಕೊರಳಿಗೆ ಪಟ್ಟಿ ಬಿಗಿದೆವೆಂದರೆ ನಾಯಿ ನಮ್ಮ ಹಿಡಿತದಲ್ಲಿದೆಯೆಂದು ನಾವು ನಂಬುತ್ತೇವೆ. ಗ್ರೇಹೌಂಡಿನ ವಿಷಯದಲ್ಲಿ ಈ ನಂಬಿಕೆ ಸಲ್ಲದು. ಅದರ ತಲೆ ಕೊರಳಿಗಿಂತ ಕಿರಿದು. ಬ್ರಿಟನ್ನಿನಲ್ಲಿ ಓಟದ ಪಂದ್ಯಗಳಿಂದ ನಿವೃತ್ತವಾಗಿ ಮನೆಗಳನ್ನು ಸೇರುವ ಇಂತಹ ನಾಯಿಗಳಲ್ಲಿ ಅನೇಕವು ಬೀದಿಯ ಗದ್ದಲವನ್ನು ಕಂಡರಿಯವು. ಲಾರಿಯೊಂದು ಅಬ್ಬರಿಸಿತೆನ್ನಿ. ಬೆದರಿದ ಪ್ರಾಣಿ ಹಿಂದಕ್ಕೆ ಸರಿಯುತ್ತದೆ. ಪಟ್ಟಿ ಕಿವಿಗಳ ಮೇಲಿಂದ ಜಾರಿ ನಮ್ಮ ಕೈಯಲ್ಲೇ ಉಳಿಯುತ್ತದೆ! ಗಂಟೆಗೆ ಸುಮಾರು 65 ಕಿಲೋಮೀಟರು ವೇಗದಲ್ಲಿ ಓಡಬಲ್ಲುದನ್ನು ಬೆನ್ನಟ್ಟಿ ಹಿಡಿಯುವವರಾರು?

ಎದೆಯನ್ನು ಬಳಸುವ ಸಾಮಾನ್ಯ ಹಾರ್ನೆಸ್ಸೂ ಹೀಗೆಯೇ ಕಳಚಬಹುದು. ಆದುದರಿಂದ ಪಕ್ಕೆಲುಬುಗಳ ಹಿಂದೆ, ಸಣ್ಣನೆಯ ನಡುವಿಗೆ, ಇನ್ನೊಂದು ಪಟ್ಟಿಯಿರುವುದನ್ನು ಆರಿಸಬೇಕು. ಅದು ಮುಂದಕ್ಕೆ ಜಾರಬೇಕಾದರೆ ಆಳವಾದ ಎದೆಗೂಡನ್ನು ದಾಟಬೇಕು. ಸರಿಯಾಗಿ ಬಿಗಿದಿದ್ದರೆ ಅದು ಸುಲಭವಲ್ಲ. ನಮ್ಮ ಮುಧೋಳದ ನಾಯಿಯ ಮೈಕಟ್ಟೂ ಇದೇ ಬಗೆಯದು.

ಇನ್ನು ಹಗ್ಗ. ಅದು ಉದ್ದವಾದಷ್ಟೂ ನಾಯಿ ಹೆಚ್ಚು ವೇಗ ಗಳಿಸುತ್ತದೆ. ವೇಗ ಇಮ್ಮಡಿಯಾದರೆ ಚಲನಶಕ್ತಿ ನಾಲ್ಮಡಿ! ಹಗ್ಗ ತಟಕ್ಕನೆ ಬಿಗಿದಾಗ ಬೀಳುವ ಜಗ್ಗನ್ನು ಎದೆ ತಾಳೀತು, ಕೊರಳು ತಾಳದು. ಸುಮಾರು ಎರಡು ಮೀಟರು ಸಾಕು. ಸುರುಳಿ ಬಿಚ್ಚಿಕೊಳ್ಳುವ ಹಗ್ಗವಂತೂ ಬೇಡವೇ ಬೇಡ. ನಾಯಿ ಅಂಜಿ ನಿಂತರೆ ಎಳೆಯಬಾರದು. ಎಳೆದಷ್ಟೂ ಅದು ಹಿಂದಕ್ಕೆ ಜಗ್ಗುತ್ತದೆ. ನಾವು ಹಗ್ಗ ಸಡಿಲಿಸಿ ಪಕ್ಕದಲ್ಲಿ ನಿಂತರೆ ಕೊಂಚ ಹೊತ್ತಿನಲ್ಲಿ ತಾನಾಗಿಯೇ ಹೆಜ್ಜೆಯಿಡುವುದುಂಟು.