ಒಂದು ತಂತಿ ಹೆಚ್ಚಾದಾಗ

ಕೆಳಗೆ ಅಂಗಡಿ, ಮೇಲೆ ಮನೆ, ಹಿತ್ತಲಿನಾಚೆ ಗೋದಾಮು. ನಮ್ಮ ಸಮಾಜದ ಅನೇಕ ಮನೆಗಳಂತೆ ಕಂಗ್ಟಿಯ ನಮ್ಮ ಮನೆಯೂ ಇದೇ ಬಗೆಯದು. 2017ರ ಜುಲೈಯಲ್ಲಿ ಜಿ.ಎಸ್.ಟಿ. ಬಂದ ಮೇಲೆ ಕೆಂಪು ರಟ್ಟಿನ ವಹಿ ದೀಪಾವಳಿಯ ಪೂಜೆಗಷ್ಟೇ ಉಳಿದು, ಲೆಕ್ಕವೆಲ್ಲ ಕಂಪ್ಯೂಟರಿಗೆ ಹೋಯಿತು. ಗಲ್ಲೆಯ ಬಳಿ ಒಂದು, ಗುಮಾಸ್ತರಿಗೊಂದು, ಮೇಲೆ ಮಕ್ಕಳ ಓದಿಗೊಂದು, ಗೋದಾಮಿನಲ್ಲಿ ಕ್ಯಾಮೆರಾ. ಇಂಟರ್ನೆಟ್ ಪೆಟ್ಟಿಗೆಗೆ ಇರುವುದು ನಾಲ್ಕೇ ತೂತು. ಹೀಗಾಗಿ ಸ್ವಿಚ್ ತಂದೆವು. ದೀಪದ ಸ್ವಿಚ್ ಅಲ್ಲ. ಒಂದು ತಂತಿಯನ್ನು ಐದೋ ಎಂಟೋ ಕಡೆಗೆ ಹಂಚುವ ಚಿಕ್ಕ ಪೆಟ್ಟಿಗೆ. ಒಂದು ಸಾಲದೆ ಎರಡಾಯಿತು, ಎರಡು ಸಾಲದೆ ಮೂರು.

ಒಂದು ಡಿಸೆಂಬರ್ 20ರಂದು, 3ಬಿ ಫಾರಂ ತುಂಬುವ ಕೊನೆಯ ದಿನ, ಮಧ್ಯಾಹ್ನ ನಾಲ್ಕಕ್ಕೆ ಎಲ್ಲವೂ ನಿಂತುಹೋಯಿತು. ಬಿಲ್ ಬರಲೊಲ್ಲದು, ಕ್ಯಾಮೆರಾ ಕಾಣಲೊಲ್ಲದು. ಇಂಟರ್ನೆಟ್ ಕಂಪನಿಗೆ ಫೋನು ಮಾಡಿದರೆ, ‘ಲೈನ್ ಸರಿಯಾಗಿದೆ’ ಎಂಬ ಉತ್ತರ. ಅವರನ್ನು ಬೈದುಕೊಂಡೆವು. ಆದರೆ ಸ್ವಿಚ್ಚುಗಳ ದೀಪಗಳನ್ನು ನೋಡಿ ನನಗೆ ಅನುಮಾನ ಬಂತು. ಎಂದೂ ಹಿಂದೆಮುಂದೆ ಮಿನುಗುವ ದೀಪಗಳು ಅಂದು ಎಲ್ಲವೂ ಒಟ್ಟಿಗೆ, ಬಿಡುವಿಲ್ಲದೆ ಹೊಡೆದುಕೊಳ್ಳುತ್ತಿದ್ದವು.

ಮುಖ್ಯ ಸ್ವಿಚ್ಚಿನಿಂದ ಒಂದೊಂದೇ ತಂತಿ ಕಳಚುತ್ತ ಬಂದೆ. ಮೂರನೆಯದನ್ನು ಕಳಚಿದೊಡನೆ ದೀಪಗಳು ಶಾಂತವಾದವು. ಅದು ಪಡಸಾಲೆಯ ಸ್ವಿಚ್ಚಿಗೆ ಹೋಗುವ ಹಳೆಯ ತಂತಿ. ಹೊಸದನ್ನು ಎಳೆದಾಗ ಅದರ ಒಂದು ತುದಿಯನ್ನು ಮುಖ್ಯ ಸ್ವಿಚ್ಚಿನಲ್ಲೇ ಬಿಟ್ಟಿದ್ದೆವು. ಇನ್ನೊಂದು ತುದಿ ಪಡಸಾಲೆಯಲ್ಲಿ ಜೋತಾಡುತ್ತಿತ್ತು. ಅಣ್ಣನ ಮಗ, ಒಂಬತ್ತನೆಯ ತರಗತಿಯ ಹುಡುಗ, ‘ಬಿಚ್ಚಿಹೋಗಿದೆ ಅಂದುಕೊಂಡು ನಾನೇ ಸಿಕ್ಕಿಸಿದೆ ಕಾಕಾ’ ಎಂದ. ಅಣ್ಣ ಗದರಿದ. ತಪ್ಪು ಹುಡುಗನದಲ್ಲ, ತಂತಿಗೆ ಚೀಟಿ ಕಟ್ಟದ ನನ್ನದು.

ಎರಡು ಪೆಟ್ಟಿಗೆಗಳ ನಡುವೆ ಎರಡು ತಂತಿ ಇದ್ದರೆ ವೇಗ ಇಮ್ಮಡಿಯಾಗುತ್ತದೆಂದು ಹಲವರು ತಿಳಿಯುತ್ತಾರೆ. ಆಗುವುದು ಬೇರೆ. ಯಾವ ಯಂತ್ರ ಯಾವ ತೂತಿನ ಕಡೆ ಇದೆಯೆಂದು ಸ್ವಿಚ್ ನೆನಪಿಟ್ಟುಕೊಳ್ಳುತ್ತದೆ. ಎಲ್ಲರಿಗೂ ಕೇಳಲೆಂದು ಬಂದ ಕೂಗನ್ನು ಮಾತ್ರ, ಬಂದ ತೂತೊಂದನ್ನು ಬಿಟ್ಟು, ಉಳಿದೆಲ್ಲಕ್ಕೂ ಹರಡುತ್ತದೆ. ದಾರಿ ಉಂಗುರವಾದರೆ ಆ ಕೂಗು ಸುತ್ತಿ ಸುತ್ತಿ ಮತ್ತೆ ಬರುತ್ತದೆ, ಪ್ರತಿ ಸುತ್ತಿನಲ್ಲೂ ಮತ್ತೆ ಹರಡುತ್ತದೆ. ನಿಜವಾದ ಕೆಲಸಕ್ಕೆ ಎಡೆಯೇ ಉಳಿಯುವುದಿಲ್ಲ.

ಇದಕ್ಕೆ ಮದ್ದು ಕಂಡುಹಿಡಿದವರು ರೇಡಿಯಾ ಪರ್ಲ್‌ಮನ್ ಎಂಬ ಅಮೆರಿಕದ ಮಹಿಳೆ. 1985ರಲ್ಲಿ ಅವರು ರೂಪಿಸಿದ ವಿಧಾನದಲ್ಲಿ ಸ್ವಿಚ್ಚುಗಳು ತಾವೇ ಮಾತಾಡಿಕೊಂಡು, ಉಂಗುರ ಕಟ್ಟುವ ದಾರಿಯನ್ನು ಮುಚ್ಚಿ, ಜಾಲವನ್ನು ಮರದಂತೆ ಕವಲೊಡೆಸುತ್ತವೆ. ಆದರೆ ಮನೆಗೆ ತರುವ ಅಗ್ಗದ ಸ್ವಿಚ್ಚುಗಳಲ್ಲಿ ಸಾಮಾನ್ಯವಾಗಿ ಈ ವಿದ್ಯೆ ಇರುವುದಿಲ್ಲ. ಇದ್ದಲ್ಲಿಯೂ ಅಡ್ಡಾದಿಡ್ಡಿ ಬೆಳೆದ ಜಾಲ ಕೈಕೊಡುತ್ತದೆ. 2002ರ ನವೆಂಬರ್‌ನಲ್ಲಿ ಬಾಸ್ಟನ್ನಿನ ಬೆತ್ ಇಸ್ರೇಲ್ ಡೀಕೊನೆಸ್ ಎಂಬ ದೊಡ್ಡ ಆಸ್ಪತ್ರೆಯ ಜಾಲ ಹೀಗೆಯೇ ಕುಸಿದು, ವೈದ್ಯರು ಕೆಲದಿನ ಕಾಗದ ಪೆನ್ನಿಗೆ ಮರಳಬೇಕಾಯಿತು.

ಈಗ ನಮ್ಮಲ್ಲಿ ಇಂಟರ್ನೆಟ್ ಪೆಟ್ಟಿಗೆಯ ಪಕ್ಕ ಎಂಟು ತೂತಿನ ಒಂದು ದೊಡ್ಡಣ್ಣ. ಉಳಿದ ಸ್ವಿಚ್ಚುಗಳಿಗೆಲ್ಲ ಅದರಿಂದಲೇ ನೇರ ಒಂದೊಂದೇ ತಂತಿ. ಒಂದರ ಬಾಲಕ್ಕೆ ಇನ್ನೊಂದನ್ನು ಕಟ್ಟುತ್ತ ಹೋದರೂ ನಡೆಯುತ್ತದೆ, ಆದರೆ ನಡುವಿನದು ಕೆಟ್ಟರೆ ಹಿಂದಿನವೆಲ್ಲ ಕುರುಡು. ನಡುವೆ ಹಳೆಯ 100 ಮೆಗಾಬಿಟ್ಟಿನದು ಕೂತರೆ ಅದರಾಚೆಯವರೆಲ್ಲ ಅದೇ ನಡಿಗೆಗೆ ಇಳಿಯುತ್ತಾರೆ, 1000ದ್ದನ್ನೇ ಕೊಳ್ಳಿರಿ. ಮನೆಯಲ್ಲಿ ಹಳೆಯ ರೂಟರ್ ಇದೆಯೆಂದು ಅದನ್ನೇ ಸ್ವಿಚ್ ಮಾಡುವವರು ಅದರ ವಿಳಾಸ ಹಂಚುವ ಕೆಲಸವನ್ನು ನಿಲ್ಲಿಸಬೇಕು. ಒಂದು ಮನೆಗೆ ಇಬ್ಬರು ಯಜಮಾನರಾದರೆ ಯಂತ್ರಗಳಿಗೂ ಗೊಂದಲವೇ.

ತಾಮ್ರದ ತಂತಿ ಒಂದು ಎಳೆಗೆ 100 ಮೀಟರ್ ದಾಟಬಾರದು. ಗೋದಾಮು ಹತ್ತಿರವೇ ಇದ್ದರೂ ಬಯಲಿನಲ್ಲಿ ತಾಮ್ರ ಎಳೆಯಬೇಡಿರಿ. ಮಳೆಗಾಲದ ಮುಂಚಿನ ಗುಡುಗು ಸಿಡಿಲಿಗೆ ಎರಡೂ ಕಡೆಯ ಯಂತ್ರಗಳು ಸುಡಬಹುದು. ಗಾಜಿನ ಎಳೆಯ ಫೈಬರ್ ಹಾಕಿಸಿದರೆ ಆ ದಾರಿಯಲ್ಲಿ ವಿದ್ಯುತ್ತು ಹರಿಯದು. ಕರೆಂಟು ಹೋದಾಗ ಕಂಪ್ಯೂಟರಿಗೆ ಯು.ಪಿ.ಎಸ್. ಇದ್ದು ನಡುವಿನ ಸ್ವಿಚ್ಚಿಗೆ ಇಲ್ಲದಿದ್ದರೆ ಏನೂ ಉಪಯೋಗವಿಲ್ಲ.

ಅಂದು ಫಾರಂ ಹೋದಾಗ ಆರು ದಾಟಿತ್ತು. ತಡವಾಗಿದ್ದರೆ ದಿನಕ್ಕೆ 50 ರೂಪಾಯಿ ದಂಡ, ಮೇಲೆ ಬಡ್ಡಿ. ಅದು ತಪ್ಪಿತು. ಆದರೆ ಸೂರ್ಯಾಸ್ತವಾಗಿತ್ತು. ಅಷ್ಟೂ ಹೊತ್ತು ಗಲ್ಲೆ ಬಿಟ್ಟು ಏಳದ ಅಪ್ಪ ಅಂದು ಉಣ್ಣದೆಯೇ ಮಲಗಿದರು. ಮರುದಿನ ಹುಡುಗ ಪ್ರತಿ ತಂತಿಯ ಎರಡೂ ತುದಿಗೆ ಕನ್ನಡದಲ್ಲಿ ಚೀಟಿ ಬರೆದು ಕಟ್ಟಿದ: ‘ಗಲ್ಲೆ’, ‘ಪಡಸಾಲೆ’, ‘ಗೋದಾಮು’. ಹಳೆಯ ತಂತಿಯನ್ನು ಸುತ್ತಿ ಅಟ್ಟಕ್ಕೆ ಹಾಕಿದವನೂ ಅವನೇ.