ದೂರದರ್ಶನದ ಪಂದ್ಯಗಳಲ್ಲಿ ಯಾವುದು ಶ್ರೇಷ್ಠ?

ಪಗಡೆಯ ಹಾಸಿನ ಸುತ್ತಲೂ ಕುಳಿತು ನೋಡುವವರಿಗೆ ಆಡುವವರಿಗಿಂತ ಹೆಚ್ಚು ನಡೆಗಳು ಹೊಳೆಯುವುದುಂಟು. ದೂರದರ್ಶನದಲ್ಲಿ ನಡೆಯುವ ಪಂದ್ಯಗಳೆಲ್ಲವೂ ಮನುಷ್ಯಸ್ವಭಾವದ ಈ ಒಂದು ಗುಣವನ್ನೇ ಅವಲಂಬಿಸಿಕೊಂಡಿವೆ. ರಾತ್ರಿಯ ಊಟವಾದ ಮೇಲೆ ಮನೆಯವರೆಲ್ಲರೂ ಒಂದೆಡೆ ಸೇರಿರಲು, ಅಲ್ಲಿ ಪ್ರಶ್ನೆ ಹೊರಡುವಷ್ಟರಲ್ಲಿಯೇ ಇಲ್ಲಿ ಹುಡುಗನು ಉತ್ತರವನ್ನು ಕೂಗಿಬಿಡುವನು; ಅಜ್ಜನವರು ಸ್ಪರ್ಧಾಳುವಿನ ಅಜ್ಞಾನಕ್ಕಾಗಿ ಮರುಗುವರು; ಗೃಹಿಣಿಯು ಇಬ್ಬರನ್ನೂ ಸುಮ್ಮನಿರಿಸಿ ಸರಿಯಾದ ಉತ್ತರವನ್ನು ಹೇಳುವಳು. ಪಂದ್ಯವು ಮುಗಿದ ಬಳಿಕ ಇಂತಹ ಆಟಗಳಲ್ಲೆಲ್ಲ ಯಾವುದು ಶ್ರೇಷ್ಠವೆಂಬ ಬೇರೊಂದು ಪಂದ್ಯವು ಮನೆಯೊಳಗೇ ಪ್ರಾರಂಭವಾಗುವುದು. ಈ ವಾದವು ಅನೇಕ ಮನೆಗಳಲ್ಲಿ ಇತ್ಯರ್ಥವಾಗದೆ ಉಳಿದಿರುವುದರಿಂದ ಅದನ್ನು ಇಲ್ಲಿ ಸ್ವಲ್ಪ ವಿಚಾರಿಸಿ ನೋಡುವೆವು.

ಮೊದಲು ಅಳತೆಗೋಲು ಯಾವುದೆಂಬುದನ್ನು ಗೊತ್ತುಮಾಡಿಕೊಳ್ಳಬೇಕು. ಆಯುಸ್ಸೇ ಪ್ರಮಾಣವೆಂದರೆ ಹಳೆಯದೆಲ್ಲವೂ ಶ್ರೇಷ್ಠವಾಗಬೇಕಾಗುವುದು. ಬಹುಮಾನದ ಮೊತ್ತವೇ ಪ್ರಮಾಣವೆಂದರೆ ಶ್ರೇಷ್ಠತೆಯು ಹಣವಂತರ ಕೈಯ ಸರಕಾಗುವುದು. ಆದಕಾರಣ ನಾವು ಮೂರು ಪ್ರಶ್ನೆಗಳನ್ನು ಇಟ್ಟುಕೊಂಡಿರುವೆವು. ಮನೆಯಲ್ಲಿ ಕುಳಿತವರೂ ಆಡಬಹುದಾದ ಆಟವೇ? ಬಹುಮಾನವನ್ನು ತೆಗೆದುಹಾಕಿದರೂ ಅದರ ಸ್ವಾರಸ್ಯವು ಉಳಿಯುವುದೇ? ಆಟವು ಪ್ರಾಮಾಣಿಕವಾಗಿದ್ದು, ಸೋತವರು ಮಾನದಿಂದ ಎದ್ದುಹೋಗಲು ಅವಕಾಶವಿರುವುದೇ? ಇವುಗಳಲ್ಲಿ ಎರಡನೆಯದೇ ಮುಖ್ಯವೆಂದು ನಮ್ಮ ಅಭಿಪ್ರಾಯ. ಅದಕ್ಕೆ ಕಾರಣವನ್ನು ಈ ಆಟಗಳ ಚರಿತ್ರೆಯೇ ಒದಗಿಸುತ್ತದೆ.

ದೂರದರ್ಶನದ ಮೊತ್ತಮೊದಲ ಪಂದ್ಯವೆಂದು ಗಣಿಸಲ್ಪಟ್ಟಿರುವುದು ಇಂಗ್ಲೆಂಡಿನ ಬಿ.ಬಿ.ಸಿ. ಸಂಸ್ಥೆಯು ೧೯೩೮ನೆಯ ಇಸವಿ ಮೇ ೩೧ರಂದು ಪ್ರಸಾರಮಾಡಿದ 'ಸ್ಪೆಲಿಂಗ್ ಬೀ' ಎಂಬುದು. ಇಂಗ್ಲಿಷ್ ಶಬ್ದಗಳ ಅಕ್ಷರಗಳನ್ನು ತಪ್ಪಿಲ್ಲದೆ ಹೇಳುವುದಷ್ಟೇ ಆ ಆಟ. ಶಾಲೆಯ ಕೊಠಡಿಯಿಂದ ಎದ್ದುಬಂದಂತಹ ಸರಳ ವಿನೋದ. ಆದರೆ ಅಮೆರಿಕದಲ್ಲಿ ೧೯೫೫ರಲ್ಲಿ 'ಅರವತ್ತನಾಲ್ಕು ಸಾವಿರ ಡಾಲರಿನ ಪ್ರಶ್ನೆ' ಎಂಬ ಪಂದ್ಯವು ಹುಟ್ಟಿದೊಡನೆ ಕಾಲವೇ ಬದಲಾಯಿತು. ೬೪ ಡಾಲರಿಗೆ ಮೊದಲಾಗಿ, ಪ್ರಶ್ನೆಯಿಂದ ಪ್ರಶ್ನೆಗೆ ಬಹುಮಾನವು ಇಮ್ಮಡಿಯಾಗುತ್ತ ಏರುವುದನ್ನು ಕಂಡು ಜನರು ಬೆರಗಾದರು. ಜಾಹೀರಾತು ಕೊಡುವ ವರ್ತಕರಿಗೂ ಇದರ ರುಚಿ ಹತ್ತಿತು. ಒಂದರ ಹಿಂದೊಂದು ಅಂತಹವೇ ಪಂದ್ಯಗಳು ಹುಟ್ಟಿಕೊಂಡುವು.

ಅವುಗಳಲ್ಲಿ ೧೯೫೬ರ 'ಟ್ವೆಂಟಿ ಒನ್' ಎಂಬುದರ ಕಥೆಯನ್ನು ಪ್ರತಿಯೊಬ್ಬ ಗೃಹಸ್ಥನೂ ತಿಳಿದಿರತಕ್ಕದ್ದು. ಮೊದಲನೆಯ ದಿನ ಆಟವನ್ನು ನಿಷ್ಕಪಟವಾಗಿಯೇ ಆಡಿಸಿದರು. ಸ್ಪರ್ಧಾಳುಗಳು ಪ್ರಶ್ನೆಯ ಮೇಲೆ ಪ್ರಶ್ನೆಗೆ ತಪ್ಪುತ್ತ ಬಂದುದರಿಂದ ನೋಟವು ಸಪ್ಪೆಯಾಯಿತು. ಹಣ ಹಾಕಿದ ಟಾನಿಕ್ ವ್ಯಾಪಾರಿಗಳು ಸಿಟ್ಟಾದರು. ಅಂದಿನಿಂದ ನಡೆಸುವವರು ಉತ್ತರಗಳನ್ನು ಮುಂಚಿತವಾಗಿಯೇ ಹೇಳಿಕೊಡತೊಡಗಿದರು. ಗಾಜಿನ ಗೂಡಿನೊಳಗೆ ನಿಂತು ಹೇಗೆ ಬೆವರೊರಸಿಕೊಳ್ಳಬೇಕು, ಎಲ್ಲಿ ತಡವರಿಸಬೇಕು ಎಂಬುದನ್ನು ಸಹ ಪಾಠಮಾಡಿದರು. ಹರ್ಬರ್ಟ್ ಸ್ಟೆಂಪಲ್ ಎಂಬವರು ಕೆಲವು ವಾರ ಗೆಲ್ಲುತ್ತ ಬಂದ ಮೇಲೆ, ಇನ್ನು ಸೋಲಬೇಕೆಂದು ಅವರಿಗೆ ಅಪ್ಪಣೆಯಾಯಿತು. ೧೯೫೫ರ ಅತ್ಯುತ್ತಮ ಚಿತ್ರವೆಂಬ ಆಸ್ಕರ್ ಪ್ರಶಸ್ತಿಯು 'ಮಾರ್ಟಿ' ಎಂಬುದಕ್ಕೆ ಸಂದಿತ್ತು. ಆ ಚಿತ್ರವು ಸ್ಟೆಂಪಲ್ ಅವರಿಗೆ ಬಲು ಮೆಚ್ಚಿನದು. ಆದರೂ ಆ ಪ್ರಶ್ನೆ ಬಂದಾಗ ಅವರು ಗೊತ್ತಿದ್ದೂ ಬೇರೊಂದು ಹೆಸರನ್ನು ಹೇಳಬೇಕಾಯಿತು. ಅವರ ಸ್ಥಾನಕ್ಕೆ ಬಂದ ಚಾರ್ಲ್ಸ್ ವ್ಯಾನ್ ಡೋರೆನ್ ಕೊಲಂಬಿಯಾ ವಿಶ್ವವಿದ್ಯಾಲಯದ ಅಧ್ಯಾಪಕರು, ಕವಿಯ ಮಗ, ಸುಂದರ ಪುರುಷರು. ಅವರು ೧,೨೯,೦೦೦ ಡಾಲರುಗಳನ್ನು ಗೆದ್ದು ದೇಶಕ್ಕೆಲ್ಲ ಆದರ್ಶವಾದರು. ೧೯೫೯ರ ನವೆಂಬರ್ ೨ರಂದು ಅಮೆರಿಕದ ಶಾಸನಸಭೆಯ ಸಮಿತಿಯ ಮುಂದೆ ನಿಂತು, ತಮಗೆ ಉತ್ತರಗಳನ್ನು ಹೇಳಿಕೊಟ್ಟಿದ್ದರೆಂದು ಅವರೇ ಒಪ್ಪಿಕೊಂಡರು. ಅಧ್ಯಾಪಕ ಹುದ್ದೆಯೂ ಹೋಯಿತು. ೧೯೬೦ರಲ್ಲಿ ಇಂತಹ ಮೋಸವನ್ನು ಅಪರಾಧವನ್ನಾಗಿ ಮಾಡುವ ಕಾನೂನು ಬಂದಿತು.

ಲಕ್ಷಾಂತರ ತಂದೆತಾಯಿಗಳು ತಮ್ಮ ಮಕ್ಕಳಿಗೆ "ಓದಿದರೆ ಹೀಗಾಗಬಹುದು ನೋಡು" ಎಂದು ಆ ಅಧ್ಯಾಪಕರನ್ನು ತೋರಿಸಿದ್ದರಲ್ಲವೇ? ಮಕ್ಕಳ ಕಣ್ಣಿನಲ್ಲಿ ವಿದ್ಯೆಯ ಬೆಲೆ ಇಳಿಯಿತೆಂಬುದೇ ಹಣದ ಮೋಸಕ್ಕಿಂತ ದೊಡ್ಡ ನಷ್ಟ. ಬಹುಮಾನವು ಆಟವನ್ನು ನುಂಗಿದಾಗ ಏನಾಗುವುದೆಂಬುದಕ್ಕೆ ಇದಕ್ಕಿಂತ ಬೇರೆ ದೃಷ್ಟಾಂತವು ಬೇಕಿಲ್ಲ. ನಮ್ಮ ಎರಡನೆಯ ಪ್ರಶ್ನೆಗೆ ನಾವು ಪ್ರಾಧಾನ್ಯ ಕೊಟ್ಟಿರುವುದೂ ಇದಕ್ಕಾಗಿಯೇ.

ಇನ್ನು ಒಂದೊಂದಾಗಿ ಪಂದ್ಯಗಳನ್ನು ತೂಗುವ. 'ದಿ ಪ್ರೈಸ್ ಈಸ್ ರೈಟ್' ಎಂಬುದು ೧೯೫೬ರಲ್ಲಿ ಹುಟ್ಟಿ, ೧೯೭೨ರಲ್ಲಿ ಹೊಸ ರೂಪವನ್ನು ತಾಳಿತು. ಬಾಬ್ ಬಾರ್ಕರ್ ಎಂಬವರು ೨೦೦೭ರವರೆಗೆ, ಮೂವತ್ತೈದು ವರ್ಷ, ಅದನ್ನು ನಡೆಸಿದರು. ವಸ್ತುವಿನ ನಿಜವಾದ ಬೆಲೆಯನ್ನು ಮೀರದೆ ಅದಕ್ಕೆ ಅತಿ ಸಮೀಪವಾಗಿ ಊಹಿಸುವುದೇ ಇದರ ಮೂಲಸೂತ್ರ. ಸಾಬೂನು, ಡಬ್ಬಿಯ ಆಹಾರ, ಒಲೆ ಇವುಗಳ ಬೆಲೆಯನ್ನು ಬಲ್ಲ ಗೃಹಿಣಿಯ ಅನುಭವಕ್ಕೆ ಇಲ್ಲಿ ಮನ್ನಣೆಯುಂಟು. ಪಂಡಿತರ ಆಟಗಳಲ್ಲಿ ಇಂತಹ ಮನ್ನಣೆಯು ಅಪೂರ್ವ. ಆದರೆ ಸರಕುಗಳನ್ನು ಅಲ್ಲಿಂದ ತೆಗೆದರೆ ಆಟವೇ ಇರುವುದಿಲ್ಲ. ನೂರು ಜನರು ಯಾವ ಉತ್ತರ ಕೊಟ್ಟರೆಂದು ಎರಡು ಕುಟುಂಬಗಳು ಊಹಿಸುವ ೧೯೭೬ರ 'ಫ್ಯಾಮಿಲಿ ಫ್ಯೂಡ್' ಮನೆಮಂದಿಯನ್ನು ನಗಿಸುವುದರಲ್ಲಿ ಇದನ್ನು ಮೀರಿಸುತ್ತದೆ. ಆದರೂ ಸರಿಯಾದುದಕ್ಕಿಂತ ಹಲವರು ಹೇಳಿದುದೇ ಗೆಲ್ಲುವ ಆಟಕ್ಕೆ ಅಗ್ರಸ್ಥಾನವನ್ನು ಕೊಡಲು ನಮಗೆ ಮನಸ್ಸು ಬಾರದು.

ನಮ್ಮ ವಾಚಕರಲ್ಲಿ ಹೆಚ್ಚಿನವರು 'ಕರೋಡ್‌ಪತಿ'ಯ ಪಕ್ಷದವರೆಂದು ಬಲ್ಲೆವು. ಇದರ ಮೂಲವು ೧೯೯೮ರ ಸೆಪ್ಟೆಂಬರಿನಲ್ಲಿ ಇಂಗ್ಲೆಂಡಿನಲ್ಲಿ ಪ್ರಾರಂಭವಾದ 'ಹೂ ವಾಂಟ್ಸ್ ಟು ಬಿ ಎ ಮಿಲಿಯನೇರ್' ಎಂಬ ಪಂದ್ಯ. ೨೦೦೦ದ ಜುಲೈ ೩ರಂದು ಅಮಿತಾಭ್ ಬಚ್ಚನ್ ಅವರು ಅದನ್ನು ಹಿಂದಿಯಲ್ಲಿ ನಡೆಸತೊಡಗಿದರು. ೨೦೧೨ರಲ್ಲಿ ಪುನೀತ್ ರಾಜ್‌ಕುಮಾರ್ ಅವರ ಮುಖಾಂತರ ಅದು 'ಕನ್ನಡದ ಕೋಟ್ಯಾಧಿಪತಿ' ಎಂದು ನಮ್ಮ ಮನೆಗಳಿಗೂ ಬಂದಿತು. ಎದುರಿಗೆ ಕುಳಿತ ಬಡವನನ್ನು ಬಂಧುವಿನಂತೆ ಮಾತನಾಡಿಸಿದ ಪುನೀತರ ಸೌಜನ್ಯವನ್ನು ಕನ್ನಡಿಗರು ಅವರ ಅಕಾಲಮರಣದ ತರುವಾಯವೂ ಮರೆತಿಲ್ಲ. ಈ ಆಟದಲ್ಲಿ ದಯೆಯಿದೆ: ನಾಲ್ಕು ಉತ್ತರಗಳನ್ನು ಕಣ್ಣಮುಂದಿಡುವರು, ಸ್ನೇಹಿತರನ್ನು ಕೇಳಗೊಡುವರು, ಭಯವಾದರೆ ಗೆದ್ದಷ್ಟನ್ನು ತೆಗೆದುಕೊಂಡು ಎದ್ದುಹೋಗಬಹುದು. ನೂರಕ್ಕೂ ಮಿಕ್ಕಿದ ದೇಶಗಳು ಇದನ್ನು ತಮ್ಮದಾಗಿಸಿಕೊಂಡಿರುವುದು ಆಶ್ಚರ್ಯವಲ್ಲ.

ಆದರೆ ಇಲ್ಲಿಂದ ಕೋಟಿಯನ್ನು ತೆಗೆದುಹಾಕಿ ನೋಡಿರಿ. ಸಂಗೀತದ ನಡುಕ, ಉತ್ತರಕ್ಕೆ ಮುನ್ನಿನ ಮೌನ, ಬಂಧುಗಳ ಕಣ್ಣೀರು ಇವೆಲ್ಲವೂ ಅದರೊಡನೆಯೇ ಹೋಗುವುವು. ಮೇಲಾಗಿ ಹಣವು ಬಂದ ಬಳಿಕ ಬಾಳು ಹಗುರವಾಗುವುದೆಂಬ ನಿಶ್ಚಯವಿಲ್ಲ. ತಿಂಗಳಿಗೆ ಸುಮಾರು ೬,೦೦೦ ರೂಪಾಯಿ ಸಂಬಳದ ಬಿಹಾರದ ಸುಶೀಲ್ ಕುಮಾರ್ ಅವರು ೨೦೧೧ರಲ್ಲಿ ಐದು ಕೋಟಿಯನ್ನು ಗೆದ್ದರು. ತದನಂತರದ ಕೆಲವು ವರ್ಷಗಳು ತಮ್ಮ ಜೀವನದ ಕಷ್ಟಕಾಲವಾಗಿದ್ದುವೆಂದು ೨೦೨೦ರಲ್ಲಿ ಅವರೇ ಬರೆದುಕೊಂಡರು. ಆಟವನ್ನು ಇದಕ್ಕಾಗಿ ದೂಷಿಸಲಾಗದು. ಆದರೆ ಸಂಪತ್ತೇ ಸಾರವಾದ ಆಟವನ್ನು ಶ್ರೇಷ್ಠವೆನ್ನುವ ಮೊದಲು ಸ್ವಲ್ಪ ತಡೆಯುವುದು ಲೇಸು.

ಇದಕ್ಕೆ ನೇರ ವಿರುದ್ಧವಾದುದು ಬಿ.ಬಿ.ಸಿ.ಯವರು ೧೯೭೨ರಲ್ಲಿ ಪ್ರಾರಂಭಿಸಿದ 'ಮಾಸ್ಟರ್‌ಮೈಂಡ್'. ಇದನ್ನು ಕಲ್ಪಿಸಿದ ಬಿಲ್ ರೈಟ್ ಎಂಬವರು ಎರಡನೆಯ ಮಹಾಯುದ್ಧದಲ್ಲಿ ಜರ್ಮನರ ಸೆರೆಯಾಳಾಗಿದ್ದು, ಗೆಸ್ಟಾಪೊ ಪೋಲೀಸರ ವಿಚಾರಣೆಗೆ ಗುರಿಯಾಗಿದ್ದವರು. ಆ ಭಯಂಕರ ಅನುಭವವೇ ಕತ್ತಲೆಯ ನಡುವೆ ಒಂದು ದೀಪ, ಒಂದು ಕಪ್ಪು ಕುರ್ಚಿ, ಬಿಡುವಿಲ್ಲದೆ ಬೀಳುವ ಪ್ರಶ್ನೆಗಳಾಗಿ ಪರಿಣಮಿಸಿತು. ಇಡೀ ವರ್ಷದ ಸ್ಪರ್ಧೆಯಲ್ಲಿ ಗೆದ್ದವರಿಗೆ ದೊರೆಯುವುದು ಒಂದು ಗಾಜಿನ ಪಾತ್ರೆ, ಅಷ್ಟೆ. ೧೯೮೦ರಲ್ಲಿ ಆ ಪಾತ್ರೆಯನ್ನು ಗೆದ್ದವರು ಲಂಡನ್ನಿನ ಒಬ್ಬ ಟ್ಯಾಕ್ಸಿ ಚಾಲಕರು. ವಿದ್ಯೆಗೆ ಪದವಿಪತ್ರವೊಂದೇ ಸಾಕ್ಷಿಯಲ್ಲವೆಂದು ಆ ದೇಶಕ್ಕೆ ಮನದಟ್ಟಾಯಿತು. ನಮ್ಮ ಎರಡನೆಯ ಮತ್ತು ಮೂರನೆಯ ಪ್ರಶ್ನೆಗಳಿಗೆ ಈ ಪಂದ್ಯವು ಪೂರ್ಣಾಂಕವನ್ನು ಪಡೆಯುತ್ತದೆ. ಮೊದಲನೆಯದರಲ್ಲಿ ಮಾತ್ರ ಒಂದು ಕೊರತೆಯುಂಟು. ಸ್ಪರ್ಧಾಳು ತಾನೇ ಆರಿಸಿಕೊಂಡ ವಿಶೇಷ ವಿಷಯದ ಸುತ್ತಿನಲ್ಲಿ ಮನೆಯವರು ಬಾಯಿಬಿಡದೆ ಕೂರಬೇಕಾಗುವುದು.

ಈ ಕೊರತೆಯನ್ನು ತುಂಬುವುದು ಅಮೆರಿಕದ 'ಜೆಪರ್ಡಿ'. ಮೇಲೆ ಹೇಳಿದ ಹಗರಣದ ನಂತರ ಪ್ರಶ್ನೋತ್ತರದ ಪಂದ್ಯಗಳೆಂದರೆ ಜನರಿಗೆ ನಂಬಿಕೆಯೇ ಇರಲಿಲ್ಲ. ಮರ್ವ್ ಗ್ರಿಫಿನ್ ಎಂಬವರು ಈ ಕಷ್ಟವನ್ನು ತಮ್ಮ ಪತ್ನಿ ಜೂಲಾನ್ ಅವರಲ್ಲಿ ತೋಡಿಕೊಂಡಾಗ ಆಕೆಯು, ಉತ್ತರವನ್ನು ಎಲ್ಲರೆದುರಿಗೇ ಕೊಟ್ಟುಬಿಟ್ಟು ಪ್ರಶ್ನೆಯನ್ನು ಕೇಳಿದರಾಗದೇ ಎಂದರಂತೆ. "೫,೨೮೦" ಎಂದು ಉತ್ತರ, "ಒಂದು ಮೈಲಿಗೆ ಎಷ್ಟು ಅಡಿ?" ಎಂದು ಪ್ರಶ್ನೆ. ಒಬ್ಬ ಗೃಹಿಣಿಯ ಈ ಚಮತ್ಕಾರದಿಂದ ೧೯೬೪ರ ಮಾರ್ಚ್ ೩೦ರಂದು ಆ ಪಂದ್ಯವು ಜನ್ಮತಾಳಿತು. ೧೯೮೪ರಿಂದ ೨೦೨೦ರಲ್ಲಿ ಮರಣ ಹೊಂದುವವರೆಗೂ ಅಲೆಕ್ಸ್ ಟ್ರೆಬೆಕ್ ಅವರು ಅದನ್ನು ಗಾಂಭೀರ್ಯದಿಂದ ನಡೆಸಿದರು. ೨೦೦೪ರಲ್ಲಿ ಕೆನ್ ಜೆನ್ನಿಂಗ್ಸ್ ಎಂಬವರು ಒಂದೇ ಸಮನೆ ಎಪ್ಪತ್ತನಾಲ್ಕು ಪಂದ್ಯಗಳನ್ನು ಗೆದ್ದರು. ೨೦೧೧ರಲ್ಲಿ 'ವಾಟ್ಸನ್' ಎಂಬ ಗಣಕಯಂತ್ರವು ಅವರನ್ನೇ ಸೋಲಿಸಿದಾಗ, ಅವರು ನಗುತ್ತಲೇ ಸೋಲನ್ನು ಒಪ್ಪಿದರು. ಇಲ್ಲಿಯೂ ಹಣವುಂಟು, ಕೊನೆಯ ಸುತ್ತಿನಲ್ಲಿ ಪಣವೂ ಉಂಟು, ಅದನ್ನು ಮುಚ್ಚಿಡುವುದಿಲ್ಲ. ಆದರೆ ಡಾಲರುಗಳ ಬದಲು ಹುಣಿಸೆಬೀಜಗಳನ್ನಿಟ್ಟು ಆಡಿದರೂ ಈ ಆಟದ ಓಟವು ಕುಂದುವುದಿಲ್ಲ. ಸುಳಿವನ್ನು ತೋರಿಸಿದ ಕ್ಷಣದಲ್ಲಿಯೇ ಮನೆಯಲ್ಲಿರುವ ಎಲ್ಲರೂ ಸ್ಪರ್ಧಾಳುಗಳಾಗುವರು. ಆದಕಾರಣ ಜಗತ್ತಿನ ಪಂದ್ಯಗಳಲ್ಲಿ ಮೊದಲ ಮಣೆಯನ್ನು ನಾವು ಇದಕ್ಕೂ, ಎರಡನೆಯದನ್ನು ಮಾಸ್ಟರ್‌ಮೈಂಡಿಗೂ, ಮೂರನೆಯದನ್ನು ಕರೋಡ್‌ಪತಿಯ ವಂಶಕ್ಕೂ ಹಾಕುವೆವು.

ಇದೇ ಅಳತೆಗೋಲನ್ನು ಹಿಡಿದು ಕನ್ನಡನಾಡಿಗೆ ಬಂದರೆ, ಸರ್ಕಾರಿ ಚಂದನ ವಾಹಿನಿಯಲ್ಲಿ ೨೦೦೨ರಲ್ಲಿ ಪ್ರಾರಂಭವಾದ 'ಥಟ್ ಅಂತ ಹೇಳಿ' ಎಂಬುದು ಕಣ್ಣಿಗೆ ಬೀಳುವುದು. ವೈದ್ಯರೂ ಲೇಖಕರೂ ಆದ ಡಾ. ನಾ. ಸೋಮೇಶ್ವರ ಅವರು ಪ್ರಶ್ನೆ ಕೇಳುವರು. ಸರಿಯುತ್ತರಕ್ಕೆ ಕನ್ನಡ ಪುಸ್ತಕವೊಂದನ್ನು ಕೊಡುವರು. ಆಡಂಬರವಿಲ್ಲ, ಕಣ್ಣೀರಿಲ್ಲ. ಮೂರು ಸಾವಿರಕ್ಕೂ ಮಿಕ್ಕಿದ ಸಂಚಿಕೆಗಳನ್ನು ಅದು ಕಂಡಿದೆ. ಬಹುಮಾನವನ್ನು ತೆಗೆದರೆ ಆಟವು ಉಳಿಯುವುದೇ ಎಂಬ ನಮ್ಮ ಪ್ರಶ್ನೆಗೆ ಇಲ್ಲಿ ವಿಶೇಷವಾದ ಉತ್ತರವುಂಟು. ಬಹುಮಾನವೇ ಪುಸ್ತಕವಾದಾಗ, ಆಟವು ಮುಗಿದ ಮೇಲೂ ಅದು ಗೆದ್ದವನ ಮನೆಯ ಕಪಾಟಿನಲ್ಲಿ ಮುಂದುವರಿಯುತ್ತದೆ. ಕನ್ನಡ ಗೃಹಸ್ಥನ ಮನೆಗೆ ಇದೇ ಶ್ರೇಷ್ಠವೆಂದು ಹೇಳಲು ನಮಗೆ ಸಂಕೋಚವಿಲ್ಲ.

ಈ ತೀರ್ಮಾನವನ್ನು ಎಲ್ಲರೂ ಒಪ್ಪಬೇಕೆಂಬ ಹಟವು ನಮಗಿಲ್ಲ. ವಾಚಕರು ತಮ್ಮ ತಮ್ಮ ಮನೆಗಳಲ್ಲಿಯೇ ಒಂದು ಪರೀಕ್ಷೆಯನ್ನು ಮಾಡಿ ನೋಡಬಹುದು. ಪಂದ್ಯವು ಮುಗಿದೊಡನೆ ಮಕ್ಕಳ ಬಾಯಿಂದ ಮೊದಲು ಹೊರಡುವ ಮಾತನ್ನು ಕಿವಿಗೊಟ್ಟು ಕೇಳಿರಿ. "ಅವನಿಗೆ ಎಷ್ಟು ಬಂತು?" ಎಂದು ಕೇಳಿದರೆ ಆ ಆಟದ ಬಗೆ ಒಂದು, "ಅದು ಹೇಗೆ?" ಎಂದು ಕೇಳಿದರೆ ಅದರ ಬಗೆ ಬೇರೊಂದು. ಎರಡನೆಯ ಮಾತು ಹೊರಟ ದಿನ ಹಿರಿಯರು ಬೇಸರಿಸದೆ ಉತ್ತರ ಹೇಳಲಿ. ತಿಳಿಯದಿದ್ದರೆ ಮಕ್ಕಳೊಡನೆ ಕುಳಿತು ಪುಸ್ತಕವನ್ನು ತೆರೆಯಲಿ.