ಶಸ್ತ್ರ ತಾಗಿದರೆ ಅರ್ಬುದ ಹರಡುವುದೇ?

"ಗಂಟಿಗೆ ಕತ್ತಿ ತಾಗಿಸಬಾರದು, ತಾಗಿಸಿದರೆ ರೋಗ ಮೈಯೆಲ್ಲ ಹಬ್ಬುತ್ತದೆ" ಎಂಬ ಮಾತನ್ನು ನಾವು ಕೇಳಿರುತ್ತೇವೆ. ಈ ಅಂಜಿಕೆಯಿಂದ ಚಿಕಿತ್ಸೆಯನ್ನು ಮುಂದೂಡುವವರೂ ಉಂಟು. ಈ ಮಾತಿನಲ್ಲಿ ಎಷ್ಟು ಹುರುಳಿದೆ? ವಯಸ್ಸಾದ ಗಂಡಸರನ್ನು ಕಾಡುವ ಪ್ರಾಸ್ಟೇಟ್ ಗ್ರಂಥಿಯ ಅರ್ಬುದವನ್ನು, ಎಂದರೆ ಕ್ಯಾನ್ಸರನ್ನು, ಉದಾಹರಣೆಯಾಗಿಟ್ಟುಕೊಂಡು ವಿಚಾರಿಸೋಣ.

ಪ್ರಾಸ್ಟೇಟ್ ಗ್ರಂಥಿಯು ಮೂತ್ರಕೋಶದ ಕೆಳಗೆ, ಮೂತ್ರನಾಳವನ್ನು ಸುತ್ತುವರಿದು ಇರುತ್ತದೆ; ಗಾತ್ರದಲ್ಲಿ ಒಂದು ಅಕ್ರೋಟಿನಷ್ಟು. ಅದರ ಸುತ್ತ ಅಭಿಧಮನಿಗಳ ದಟ್ಟವಾದ ಬಲೆಯಿದೆ. ಈ ಬಲೆಗೂ ಬೆನ್ನುಮೂಳೆಯ ಅಭಿಧಮನಿಗಳಿಗೂ ಸಂಬಂಧವಿರುವುದನ್ನು 1940ರಲ್ಲಿ ಅಮೆರಿಕದ ಆಸ್ಕರ್ ಬ್ಯಾಟ್ಸನ್ ತೋರಿಸಿದನು. ಈ ಅರ್ಬುದವು ಅನೇಕ ವೇಳೆ ಬೆನ್ನುಮೂಳೆಗೆ ಹರಡುವುದಕ್ಕೆ ಇದೂ ಒಂದು ಕಾರಣವಾಗಿರಬಹುದು.

ಹಾಗಾದರೆ ಶಸ್ತ್ರವೈದ್ಯನು ಗ್ರಂಥಿಯನ್ನು ಹಿಡಿದು ಬಿಡಿಸುವಾಗ ಕೆಲವು ಅರ್ಬುದಕೋಶಗಳು ಕಳಚಿ ರಕ್ತವನ್ನು ಸೇರಲಾರವೆ? ಸೇರಬಲ್ಲವು. ಶಸ್ತ್ರಚಿಕಿತ್ಸೆಯ ವೇಳೆ ತೆಗೆದ ರಕ್ತದಲ್ಲಿ ಅವುಗಳ ಸುಳಿವು ಕೆಲವು ರೋಗಿಗಳಲ್ಲಿ ದೊರೆತಿದೆ. ಆದುದರಿಂದ ಜನರ ಅಂಜಿಕೆ ಬುಡವಿಲ್ಲದ್ದೇನೂ ಅಲ್ಲ.

ಆದರೆ ರಕ್ತವನ್ನು ಸೇರುವುದು ಬೇರೆ, ಬೇರೂರುವುದು ಬೇರೆ. ಅರ್ಬುದಕೋಶವು ಬೀಜವಿದ್ದಂತೆ, ಎಲ್ಲಿ ಬಿದ್ದರೂ ಹದವಾದ ನೆಲದಲ್ಲಿ ಮಾತ್ರ ಮೊಳೆಯುತ್ತದೆ ಎಂದು ಇಂಗ್ಲೆಂಡಿನ ಸ್ಟೀಫನ್ ಪ್ಯಾಜೆಟ್ 1889ರಲ್ಲಿಯೇ ವಾದಿಸಿದ್ದನು. 1970ರಲ್ಲಿ ಐಸೈಯಾ ಫಿಡ್ಲರ್ ಗುರುತು ಹಚ್ಚಿದ ಅರ್ಬುದಕೋಶಗಳನ್ನು ಇಲಿಗಳ ರಕ್ತಕ್ಕೆ ಸೇರಿಸಿ ನೋಡಿದಾಗ, ಒಂದು ದಿನ ಕಳೆಯುವುದರೊಳಗೆ ನೂರಕ್ಕೆ ಒಂದು ಕೋಶವೂ ಬದುಕುಳಿದಿರಲಿಲ್ಲ.

ಇನ್ನು ಮನುಷ್ಯರ ಮಾತು. 1989ರಿಂದ 1999ರವರೆಗೆ ಸ್ವೀಡನ್, ಫಿನ್ಲೆಂಡ್ ಮತ್ತು ಐಸ್ಲೆಂಡ್ ದೇಶಗಳಲ್ಲಿ, ಅರ್ಬುದವು ಗ್ರಂಥಿಯನ್ನು ದಾಟಿರದ 695 ರೋಗಿಗಳನ್ನು ಚೀಟಿ ಎತ್ತಿದಂತೆ ಎರಡು ಗುಂಪು ಮಾಡಿದರು. 347 ಮಂದಿಗೆ ಗ್ರಂಥಿಯನ್ನು ತೆಗೆಯುವುದೆಂದೂ, 348 ಮಂದಿಯನ್ನು ಕಾದು ನೋಡುವುದೆಂದೂ ಗೊತ್ತಾಯಿತು. ಕತ್ತಿಯೇ ರೋಗವನ್ನು ಹರಡುವುದಾದರೆ ಮೊದಲನೆಯ ಗುಂಪಿಗೆ ಹೆಚ್ಚು ಕೇಡಾಗಬೇಕಾಗಿತ್ತು. ಆದುದು ಇದಕ್ಕೆ ವಿರುದ್ಧ. 2017ರ ಕೊನೆಯ ಹೊತ್ತಿಗೆ ಈ ಅರ್ಬುದದಿಂದ ಮೊದಲ ಗುಂಪಿನಲ್ಲಿ 71 ಮಂದಿಯೂ ಎರಡನೆಯದರಲ್ಲಿ 110 ಮಂದಿಯೂ ಸತ್ತಿದ್ದರು. ದೂರದ ಅಂಗಗಳಿಗೆ ರೋಗ ಹರಡಿದ್ದೂ ಮೊದಲ ಗುಂಪಿನಲ್ಲಿಯೇ ಕಡಿಮೆ.

ಇದರ ಕಾರಣವನ್ನು ಊಹಿಸುವುದು ಕಷ್ಟವಲ್ಲ. ಶಸ್ತ್ರಚಿಕಿತ್ಸೆ ಕೆಲವು ಗಂಟೆಗಳ ಕೆಲಸ; ಒಳಗೇ ಉಳಿದ ಅರ್ಬುದವಾದರೋ ವರ್ಷಗಟ್ಟಲೆ ಕೋಶಗಳನ್ನು ಉದುರಿಸುತ್ತಲೇ ಇರಬಲ್ಲದು.

ಮತ್ತೆ ಜನರ ಮಾತು ಹುಟ್ಟಿದ್ದು ಹೇಗೆ? ರೋಗ ಒಳಗೊಳಗೇ ಹರಡಿದ ಮೇಲೆ ರೋಗಿ ವೈದ್ಯನಲ್ಲಿಗೆ ಬಂದಿದ್ದರೆ, ಆ ಹರಡಿದ ರೋಗ ಹೊರಗೆ ಕಾಣಿಸಿಕೊಳ್ಳುವುದು ಶಸ್ತ್ರಚಿಕಿತ್ಸೆಯಾದ ನಂತರ. ಅಪರಾಧ ಕತ್ತಿಯ ಪಾಲಿಗೆ ಬರುತ್ತದೆ.

ಎಲ್ಲ ರೋಗಿಗಳಿಗೂ ಶಸ್ತ್ರಚಿಕಿತ್ಸೆ ಬೇಕೆಂದು ಇದರ ಅರ್ಥವಲ್ಲ. ರಕ್ತಪರೀಕ್ಷೆಯಿಂದ ಬೇಗನೆ ಪತ್ತೆಯಾದ 1643 ರೋಗಿಗಳನ್ನು ಬ್ರಿಟನ್ನಿನಲ್ಲಿ ಸುಮಾರು 15 ವರ್ಷ ಗಮನಿಸಿ, 2023ರಲ್ಲಿ ಫಲಿತಾಂಶವನ್ನು ಪ್ರಕಟಿಸಿದರು. ರೋಗ ಹರಡಿದ್ದು ಶಸ್ತ್ರಚಿಕಿತ್ಸೆಯ ಗುಂಪಿನಲ್ಲಿ ನೂರಕ್ಕೆ 4.7, ನಿಗಾ ಇಟ್ಟು ಬೇಕೆನಿಸಿದಾಗ ಚಿಕಿತ್ಸೆ ಮಾಡಿದ ಗುಂಪಿನಲ್ಲಿ 9.4. ಆದರೂ ಈ ಅರ್ಬುದದಿಂದ ಸತ್ತವರು ಎರಡರಲ್ಲಿಯೂ ನೂರಕ್ಕೆ ಸುಮಾರು ಇಬ್ಬರು ಮೂವರು ಮಾತ್ರ. ಶಸ್ತ್ರಚಿಕಿತ್ಸೆಯಿಂದ ಮೂತ್ರದ ಹಿಡಿತ ತಪ್ಪುವುದು, ಪುರುಷತ್ವ ಕುಂದುವುದು ಮುಂತಾದ ತೊಂದರೆಗಳೂ ಉಂಟು. ರೋಗಿಯೂ ವೈದ್ಯನೂ ಕೂಡಿ ತೂಗಿ ನೋಡಬೇಕಾದುದು ಇವನ್ನು. ಕತ್ತಿ ತಾಗಿದರೆ ರೋಗ ಹಬ್ಬೀತೆಂಬ ಅಂಜಿಕೆಯನ್ನು ಆ ತಕ್ಕಡಿಯಲ್ಲಿ ಇಡಬೇಕಾಗಿಲ್ಲ.